ಎರಡು ಮುಕ್ಕಾಲು ಗಂಟೆಯ ದಾರಿ

ಅವ್ವ ತೀರಿಕೊಂಡ ದಿನ ನಾನು ತಂಗಿಗೆ ಹೊತ್ತಿಗೆ ಸರಿಯಾಗಿ ಫೋನ್ ಮಾಡಲಿಲ್ಲ. ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಆಮೇಲೆ ಮಾಡಿದೆ. ಮೂರು ವರ್ಷದಿಂದ ಈ ತಪ್ಪನ್ನು ಹಿರಿಯರ ತಲೆಗೆ ಕಟ್ಟುತ್ತಾ ಬಂದಿದ್ದೇನೆ. ಅದು ನನ್ನದೇ.

ನಾನು ಓದಿದ್ದು ಆರನೇ ಕ್ಲಾಸು. ಕುಣಿಗಲ್ ಕಡೆಯ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಗುಬ್ಬಿಗೆ, ತುಮಕೂರಿಗೆ ಗಾಡಿ ಓಡಿಸುತ್ತೇನೆ. ಎಷ್ಟೊತ್ತಿಗೆ ಬರ್ತೀಯಾ ಎಂದು ಮಂಡಿಯವರು ಕೇಳಿದರೆ, ರೈಲ್ವೆ ಗೇಟ್ ಹಾಕುವ ಹೊತ್ತನ್ನೂ ಸೇರಿಸಿ ಹೇಳಬಲ್ಲೆ.

ಡೆಲ್ಲಿ ಮಾತ್ರ ನನ್ನ ಲೆಕ್ಕದಲ್ಲಿ ಎರಡು ದಿನ. ತಂಗಿಯ ಗಂಡ ಅಲ್ಲಿ ಕ್ಯಾಂಟೀನಿನಲ್ಲಿ ಅಡುಗೆಯವನು. ಮದುವೆಯಾದ ಹೊಸದರಲ್ಲಿ ಅವಳನ್ನು ಬಿಟ್ಟುಬರಲು ರೈಲಿನಲ್ಲಿ ಹೋಗಿದ್ದೆ. ಕಟ್ಟಿಕೊಂಡ ಚಿತ್ರಾನ್ನ ಹಳಸಿದರೂ ಊರು ಬಂದಿರಲಿಲ್ಲ.

ಅವ್ವ ಹೋದದ್ದು ಬೆಳಗಿನ ಜಾವ. ಸೋದರಮಾವ ಬಂದವರೇ ಕೇಳಿದರು.

"ಏನ್ಲಾ, ನಿನ್ ತಂಗಿ ಬರೋಕೆ ಎಷ್ಟೊತ್ತಾಯ್ತದೆ?"

"ಎರಡು ದಿನ ಆಯ್ತದೆ ಮಾವ. ಅಲ್ಲೀಗಂಟ ಮಡಗೋಕಾಯ್ತದಾ?"

ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ, "ಏರೋಪ್ಲೇನ್ ಇಲ್ವೇನ್ಲಾ ಅಲ್ಲಿಗೆ?" ಎಂದಳು.

"ಅದೆಲ್ಲ ನಮ್ಮಂಥೋರಿಗಾ, ಬುಡು ದೊಡ್ಡವ್ವ."

ಫೋನು ಜೇಬಿನಲ್ಲೇ ಇತ್ತು. ಬರುತ್ತಾಳೋ ಇಲ್ಲವೋ ಎಂದು ತಂಗಿಯನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಹೆತ್ತವಳು ಹೋದರೆ ಮಗಳು ತಂದ ಸೀರೆ ಹೊದಿಸಿ ಕಳಿಸುವುದು ನಮ್ಮಲ್ಲಿ ಪದ್ಧತಿ. ಅವ್ವನಿಗೆ ಪೆಟ್ಟಿಗೆಯಲ್ಲಿದ್ದ ಅವಳದೇ ಸೀರೆ ಹೊದಿಸಿದೆವು.

ಮಾರನೇ ದಿನ ಹನ್ನೊಂದು ಗಂಟೆಗೆಲ್ಲ ತಂಗಿ ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಹಸಿರು ಸೀರೆ.

"ನಿನ್ನೆ ಸಂಜೆ ತಾನೆ ಹೇಳಿದ್ದು, ಹೆಂಗ್ ಬಂದೆ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಪ್ಲೇನಲ್ಲಿ. ಬೆಂಗ್ಳೂರಿಗೆ ಎರಡು ಮುಕ್ಕಾಲು ಗಂಟೆ ಕಣಣ್ಣಯ್ಯ. ನೀನು ಗುಬ್ಬಿಗೆ ಕಾಯಿ ಹಾಕಿ ವಾಪಸ್ ಬರೋವಷ್ಟು."

ಅಷ್ಟೇ. ಅಳಲಿಲ್ಲ, ಬಯ್ಯಲೂ ಇಲ್ಲ. ಅವ್ವನನ್ನು ಮಣ್ಣು ಮಾಡಿದ್ದ ತೋಟಕ್ಕೆ ಹೋಗಿ ಹಸಿ ಮಣ್ಣಿನ ಮೇಲೆ ಸೀರೆ ಹಾಸಿದಳು. ಗಾಳಿಗೆ ಸೆರಗು ಎದ್ದೆದ್ದು ಬರುತ್ತಿತ್ತು. ನಾಲ್ಕು ಮೂಲೆಗೂ ಕಲ್ಲು ಹುಡುಕಿ ತಂದಿಟ್ಟಳು. ನಾನು ದೂರದಲ್ಲೇ ನಿಂತಿದ್ದೆ. ಬೆಳಿಗ್ಗೆಯೇ ಹೇಳಿದ್ದರೆ ಸಂಜೆಯೊಳಗೆ ಬಂದು ಮುಖ ನೋಡುತ್ತಿದ್ದಳು. "ಮಾವ ಕಾಯೋದ್ ಬ್ಯಾಡ ಅಂದ್ರು" ಎಂದೆ. ಅವಳು ಎದ್ದ ಸೆರಗನ್ನು ಎಳೆದು ಕಲ್ಲಿನ ಕೆಳಗೆ ಸೇರಿಸಿದಳು.

ಎರಡು ವರ್ಷ ತಿಥಿಗೆ ಬಂದು ಹೋದಳು. ಈ ವರ್ಷ ಬರಲಿಲ್ಲ. "ಯಾಕೆ?" ಎಂದರೆ, "ದೂರ ಅಲ್ವಾ ಅಣ್ಣಯ್ಯ" ಎಂದಳು. ಆ ಮಾತು ನನಗೆ ನಾಟಿತು.

ಪಕ್ಕದ ಮನೆ ಹುಡುಗಿಯ ಕೈಲಿ ಡೆಲ್ಲಿಗೆ ಪ್ಲೇನ್ ಟಿಕೆಟ್ ಮಾಡಿಸಿದೆ. ಅವಳ ಫೋನು ಸಾವಿರದ ಏಳುನೂರು ಕಿಲೋಮೀಟರು ಎಂದು ತೋರಿಸಿತು. ವಿಮಾನದಲ್ಲಿ ಉದ್ದಕ್ಕೂ ವಾಚು ನೋಡುತ್ತಿದ್ದೆ. ಒಂದು ಗಂಟೆ ಕಳೆದಾಗ, ಈಗ ಗುಬ್ಬಿ ಸೇರಿರುತ್ತಿದ್ದೆ ಎನಿಸಿತು. ಕಾಯಿ ಇಳಿಸಿ, ಟೀ ಕುಡಿದು, ಗಾಡಿ ತಿರುಗಿಸಿ ಊರು ಸೇರುವ ಹೊತ್ತಿಗೆ ಡೆಲ್ಲಿ ಬಂದುಬಿಟ್ಟಿತು.

ತಂಗಿ ಬಾಗಿಲು ತೆಗೆದು ಹಾಗೇ ನಿಂತಳು. ಒಳಗೆ ಕರೆಯುವ ಮೊದಲೇ ಹೇಳಿದೆ.

"ಮಾವ ಅಲ್ಲ ಕಣವ್ವ, ನಾನೇ. ನೀನು ಬರಕ್ಕಾಗಲ್ಲ ಅಂತ ನಿನ್ನ ಕೇಳ್ದೆ ನಾನೇ ಹೇಳ್ಬುಟ್ಟೆ. ಅವ್ವನ ಮುಖ ನಿಂಗೆ ತಪ್ಪಿಸ್ದೋನು ನಾನು. ತಪ್ಪಾಯ್ತು."