ಫ್ಯಾನ್ ಓಡುವ ಸದ್ದು

ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಲೆಯ ಮೇಲೆ ಇಡ್ಲಿ ಬೇಯುತ್ತಿದೆ. ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ದ್ರಾಕ್ಷಾಯಣಿ ಚಟ್ನಿಗೆ ತೆಂಗಿನಕಾಯಿ ತುರಿಯುತ್ತಿದ್ದಾರೆ. ಆ ಕಡೆ ಇರುವವರು ಸೋಮನೂರಿನ ಪವರ್‌ಲೂಮ್ ಕೆಲಸಗಾರ ನಂದಕುಮಾರ್. ಮಾತು ನಡೆಯುತ್ತಿರುವುದು ತಮಿಳಿನಲ್ಲಿ.

"ಏನು ತಂಬಿ, ಗಂಜಿ ಕುಡಿದೆಯಾ? ಬಾಯಿ ಹುಣ್ಣು ಹೇಗಿದೆ? ಉಪ್ಪುನೀರಲ್ಲಿ ಮುಕ್ಕಳಿಸೋದು ಬಿಟ್ಟಿಲ್ಲ ತಾನೇ?" ಎಲ್ಲದಕ್ಕೂ ಹೂಂ ಎನ್ನುವ ಉತ್ತರ ಬರುತ್ತದೆ. ಆಮೇಲೆ ಕೊನೆಯ ಪ್ರಶ್ನೆ. "ಫ್ಯಾನ್ ಓಡ್ತಾ ಇದೆಯಾ?"

"ಓಡೋಕೆ ಕರೆಂಟ್ ಬೇಕಲ್ಲ ಸಿಸ್ಟರ್! ಇ.ಬಿ. ಆಫೀಸಿಗೂ ಒಂದು ಫೋನ್ ಹಾಕಿ, ನಿಮ್ಮ ಮಾತಾದ್ರೂ ಕೇಳ್ತಾರೇನೋ."

ದ್ರಾಕ್ಷಾಯಣಿ ನಕ್ಕು ಫೋನ್ ಇಡುತ್ತಾರೆ. "ತಮಾಷೆ ಮಾಡ್ತಾನೆ, ಹುಡುಗ ಚೆನ್ನಾಗಿದಾನೆ" ಎಂದು ಕನ್ನಡದಲ್ಲಿ ತಮಗೆ ತಾವೇ ಹೇಳಿಕೊಂಡು ಮುಂದಿನ ನಂಬರು ಒತ್ತುತ್ತಾರೆ. ಅದು ಕಿಣತ್ತುಕಡವಿನ ರಾಮಾಯಿಯದು. ರಿಂಗಾಗಿ ರಿಂಗಾಗಿ ಕರೆ ನಿಲ್ಲುತ್ತದೆ. ಮತ್ತೊಮ್ಮೆ ಒತ್ತುತ್ತಾರೆ. ಈ ಸಲವೂ ಯಾರೂ ಎತ್ತುವುದಿಲ್ಲ. ತುರಿಯುವ ಕೈ ನಿಲ್ಲುತ್ತದೆ.

ರಾಮಾಯಿಗೆ ಕಳೆದ ವಾರ ಆರನೆಯ ಕೀಮೋ ಆಗಿದೆ. ಅದೇ ಕೊನೆಯದು. ಸ್ತನದ ಗಡ್ಡೆಗೆ ಶಸ್ತ್ರಚಿಕಿತ್ಸೆ ಮುಗಿದು, ಆಮೇಲಿನ ಈ ಆರು ಸುತ್ತುಗಳನ್ನು ದಾಟಿದರೆ ಆಕೆಯ ದೊಡ್ಡ ಹಾದಿ ಮುಗಿದಂತೆ. ಆದರೆ ಮದ್ದು ಏರಿಸಿದ ಮೇಲಿನ ಎರಡನೆಯ ವಾರ ಅಪಾಯದ್ದು. ಆ ವಾರ ಈಗ ನಡೆಯುತ್ತಿದೆ. ನಾಲ್ಕನೆಯ ಸುತ್ತಿನಲ್ಲಿ ಇದೇ ವಾರ ರಾಮಾಯಿ ಕೈತಪ್ಪಿ ಹೋಗುವುದರಲ್ಲಿದ್ದರು.

"ಊರವರ ಮನೆ ಫ್ಯಾನೆಲ್ಲ ನಿನ್ನ ಕಿವೀಗೆ ಬೀಳುತ್ತೆ" ಎಂದು ಹಾಲ್‌ನಿಂದ ಗಂಡ ಶಂಕರಪ್ಪ ಕೆಣಕುತ್ತಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಅವರು. "ನಮ್ಮನೇದು ಪೊಂಗಲ್‌ನಿಂದ ಕಿರ್ ಕಿರ್ ಅಂತಿದೆ. ಅದು ಮಾತ್ರ ಕೇಳಿಸಲ್ಲ."

ಬೇರೆ ದಿನವಾಗಿದ್ದರೆ ಇದಕ್ಕೆ ತಕ್ಕ ಜವಾಬು ಸಿಗುತ್ತಿತ್ತು. ಇವತ್ತು ದ್ರಾಕ್ಷಾಯಣಿ ಇಡ್ಲಿ ತೆಗೆಯುತ್ತಾರೆ. ಫೋನು ಕಣ್ಣಿಗೆ ಕಾಣುವಂತೆ ಉಪ್ಪಿನ ಡಬ್ಬಿಗೆ ಒರಗಿ ನಿಂತಿದೆ.

ಕೊಯಮತ್ತೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಕೀಮೋ ಡೇ-ಕೇರ್ ವಾರ್ಡಿನಲ್ಲಿ ದ್ರಾಕ್ಷಾಯಣಿ ಹಿರಿಯ ನರ್ಸ್. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ರೋಗಿಗಳು ಅಲ್ಲಿ ದಿನಕ್ಕೆ ಮೂವತ್ತು, ಕೆಲವೊಮ್ಮೆ ನಲವತ್ತು ಮಂದಿ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಯುವವರು, ಗಿರಣಿಗಳಲ್ಲಿ ನೂಲು ತೆಗೆಯುವವರು, ವಾಲ್ಪಾರೈಯಿಂದ ಘಟ್ಟದ ಬಸ್ಸಿನಲ್ಲಿ ವಾಂತಿ ತಡೆದುಕೊಂಡು ಇಳಿದು ಬರುವ ಟೀ ಎಸ್ಟೇಟಿನವರು. ಅವರಿಗೆ ನರ ಹುಡುಕುವುದು, ಮದ್ದು ಏರಿಸುವುದು, ಏರುವಷ್ಟು ಹೊತ್ತು ಕಾಯುವುದು ಇವರ ಸಂಬಳದ ಕೆಲಸ. ಕೆಂಪು ಬಣ್ಣದ ಒಂದು ಮದ್ದಿದೆ. ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಅದನ್ನು ಕೊಡುವಾಗ ದ್ರಾಕ್ಷಾಯಣಿ ರೋಗಿಯ ಪಕ್ಕ ಸ್ಟೂಲ್ ಹಾಕಿ ಕೂರುತ್ತಾರೆ. ಬಾಯಿ ಮಾತಾಡುತ್ತಿದ್ದರೂ ಅವರ ಕಣ್ಣು ಸೂಜಿಯ ಬುಡ ಬಿಟ್ಟು ಕದಲುವುದಿಲ್ಲ.

ಬೆಳಗಿನ ಫೋನು ಸಂಬಳದ ಕೆಲಸವಲ್ಲ. ಯಾರೂ ಹೇಳಿ ಮಾಡಿಸುತ್ತಿಲ್ಲ. ಗಿರಣಿಗೂ ತೋಟಕ್ಕೂ ಹೋಗುವ ಮನೆಗಳಲ್ಲಿ ಹೊತ್ತೇರಿದರೆ ರೋಗಿಯ ಹತ್ತಿರ ಫೋನ್ ಎತ್ತಲು ಯಾರೂ ಇರುವುದಿಲ್ಲ. ಅದಕ್ಕೇ ಇಷ್ಟು ಬೇಗ.

ಕೀಮೋದ ಮದ್ದು ವೇಗವಾಗಿ ಹೆಚ್ಚುವ ಕಣಗಳನ್ನೆಲ್ಲ ಹೊಡೆಯುತ್ತದೆ. ಗಡ್ಡೆಯ ಕಣ ಯಾವುದು, ಕೂದಲಿನ ಬುಡದ್ದು ಯಾವುದು, ಬಾಯೊಳಗಿನ ಚರ್ಮದ್ದು ಯಾವುದು ಎಂದು ಅದು ಅಷ್ಟಾಗಿ ವಿಂಗಡಿಸುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಹುಟ್ಟಬೇಕಾದ ಬಿಳಿ ರಕ್ತಕಣಗಳಿಗೂ ಪೆಟ್ಟು ಬೀಳುತ್ತದೆ. ಸೋಂಕನ್ನು ಎದುರಿಸುವ ಕಣಗಳು ಅವು. ಒಂದು ವಾರ, ಹತ್ತು ದಿನದ ಹೊತ್ತಿಗೆ ಅವುಗಳ ಸಂಖ್ಯೆ ತಳ ಮುಟ್ಟಿ, ಮತ್ತೆ ಮೆಲ್ಲಗೆ ಏರುತ್ತದೆ. ನಡುವೆ ಜ್ವರ ಬಂದರೆ ಅದು ಮಾತ್ರೆ ನುಂಗಿ ಮಲಗುವ ಜ್ವರವಲ್ಲ. ಆಸ್ಪತ್ರೆಗೆ ಬಂದು ತಡವಿಲ್ಲದೆ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿಸಿಕೊಳ್ಳಲೇಬೇಕು. ಒಂದು ರಾತ್ರಿ ಕಾದು ನೋಡಿದರೂ ಪ್ರಾಣಕ್ಕೆ ಕುತ್ತು ಬರಬಹುದು.

"ಜ್ವರ ಇದೆಯಾ ಅಂತ ನೇರ ಕೇಳಿದ್ರೆ ಒಬ್ರೂ ಇದೆ ಅನ್ನಲ್ಲ" ಎನ್ನುತ್ತಾರೆ ದ್ರಾಕ್ಷಾಯಣಿ. "ಆಸ್ಪತ್ರೆಗೆ ಬಾ ಅಂತ ಕೂಗ್ತಾಳೆ, ಒಂದು ದಿನದ ಕೂಲಿ ಹೋಗುತ್ತೆ, ಮನೇವ್ರಿಗೆ ತೊಂದರೆ ಅಂತ ಭಯ. ಅದಕ್ಕೆ ಫ್ಯಾನ್ ಕೇಳ್ತೀನಿ. ನಮ್ಮ ಸೀಮೇಲಿ ಫ್ಯಾನ್ ಇಲ್ದೆ ಯಾರು ಮಲಗ್ತಾರೆ? ಆರಿಸಿದಾರೆ ಅಂದ್ರೆ ಚಳಿ ಹಿಡಿದಿದೆ ಅಂತಲೇ ಲೆಕ್ಕ." ವಾಲ್ಪಾರೈಯ ತಂಪಿನಲ್ಲಿ ಫ್ಯಾನಿನ ಮಾತು ನಡೆಯದು. ಅಲ್ಲಿನ ರೋಗಿ ಚಿನ್ನತಾಯಿಗೆ ಬೇರೆ ಪ್ರಶ್ನೆ: ಒಲೆ ಮುಂದೆ ಕೂತು ಮಾತಾಡ್ತಿದೀರಾ, ಬಾಗಿಲಲ್ಲಿ ನಿಂತಾ?

ದ್ರಾಕ್ಷಾಯಣಿಯ ತವರು ನೆಗಮಂ. ಕೈಮಗ್ಗದ ಹತ್ತಿ ಸೀರೆಯ ಊರು. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ನೇಕಾರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಅವರಿಗೆ ಬಾರದು. ಅತ್ತೆ ಕಾಮಾಕ್ಷಿಯಮ್ಮ ಗರ್ಭಕೋಶದ ಕ್ಯಾನ್ಸರಿನಿಂದ ನರಳಿದಾಗ ದ್ರಾಕ್ಷಾಯಣಿ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದರು. ಅತ್ತೆಗೆ ಕೀಮೋ ನಡುವೆ ಜ್ವರ ಬಂದಿತ್ತು. ಮನೆಯವರೆಲ್ಲ ಬಿಸಿಲಿನ ಝಳವೆಂದುಕೊಂಡು ಎಳನೀರು ಕುಡಿಸಿದರು. ಕಾಮಾಕ್ಷಿಯಮ್ಮ ಉಳಿಯಲಿಲ್ಲ. ಅದರ ಮರುವರ್ಷವೇ ದ್ರಾಕ್ಷಾಯಣಿ ಕೇಳಿಕೊಂಡು ಕೀಮೋ ವಾರ್ಡಿಗೆ ವರ್ಗವಾದರು. ಈ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. "ಗೊತ್ತಿರಲಿಲ್ಲ, ಕಲ್ತುಕೊಂಡೆ" ಎಂದಷ್ಟೇ ಹೇಳುತ್ತಾರೆ.

ರಾಮಾಯಿ ಕಿಣತ್ತುಕಡವಿನ ಟೊಮೆಟೊ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೆಲಸದವರು. ಅವರ ನಾಲ್ಕನೆಯ ಕೀಮೋ ಆದದ್ದು ಚಿತ್ತಿರೈ ತಿಂಗಳಲ್ಲಿ, ಹೆಂಚು ಕಾದು ಸಿಡಿಯುವಂಥ ಬಿಸಿಲಿನಲ್ಲಿ. ಆ ಬೆಳಿಗ್ಗೆ ಫೋನ್ ಎತ್ತಿದವಳು ಮಗಳು ಪೆರಿಯನಾಯಕಿ. "ಆತ್ತಾ ಚೆನ್ನಾಗಿದಾರಕ್ಕಾ, ಮಲಗಿದಾರೆ" ಎಂದು ತಾಯಿಯ ಬಗ್ಗೆ ಹೇಳಿದಳು. ಹಿಂದೆ ಟಿ.ವಿ.ಯ ಸದ್ದಿತ್ತು. ಅಂದರೆ ಕರೆಂಟ್ ಇದೆ. ಫ್ಯಾನಿನ ಸದ್ದು ಮಾತ್ರ ಇಲ್ಲ. "ಫ್ಯಾನ್ ಹಾಕಿಲ್ವಾ ಕಂದಾ?" ಎಂದು ಕೇಳಿದ್ದಕ್ಕೆ ಹುಡುಗಿ ತಡವರಿಸಿ ಫೋನ್ ಇಟ್ಟುಬಿಟ್ಟಳು. ದ್ರಾಕ್ಷಾಯಣಿ ವಾರ್ಡಿಗೆ ರಜೆ ಹೇಳಿ ಕಿಣತ್ತುಕಡವಿನ ಮೇಲೆ ಹೋಗುವ ಪೊಳ್ಳಾಚಿಯ ಬಸ್ಸು ಹತ್ತಿದರು.

ಹೋಗಿ ನೋಡಿದರೆ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಂಬಳಿ ಹೊದ್ದು ರಾಮಾಯಿ ನಡುಗುತ್ತಿದ್ದರು. ಬೆನ್ನಿನಿಂದ ಪಕ್ಕೆಯವರೆಗೆ ಸಾಲಾಗಿ ಗುಳ್ಳೆ. ಅದರ ಸುತ್ತ ಕೆಮ್ಮಣ್ಣಿನಲ್ಲಿ ಬರೆದ ಸಿಂಹದ ಚಿತ್ರ. ಪಕ್ಕದಲ್ಲಿ ಮಣ್ಣಿನ ಬಟ್ಟಲು ಹಿಡಿದು ಕುಂಬಾರ ತಿರುಮೂರ್ತಿ ಕೂತಿದ್ದರು. ಸರ್ಪಸುತ್ತಿಗೆ ಕುಂಬಾರನ ಕೈಯಿಂದ ಮೂರು ಬೆಳಿಗ್ಗೆ ಕೆಮ್ಮಣ್ಣಿನಿಂದ ಸಿಂಹ ಬರೆಸುವುದು ಈ ಕಡೆಯ ಪದ್ಧತಿ. ಬರೆದು ಮುಗಿಯುವವರೆಗೆ ಮಾತ್ರೆ, ಸೂಜಿ ಯಾವುದೂ ಕೂಡದು. ಎರಡು ಬೆಳಿಗ್ಗೆ ಆಗಿತ್ತು.

"ಇನ್ನೊಂದೇ ಬಾಕಿ ಅಕ್ಕಾ. ನಾಳೆ ಬರೆಸಿಕೊಂಡು ಬಂದೇಬಿಡ್ತೀವಿ" ಎಂದು ಪೆರಿಯನಾಯಕಿ ಅಂಗಲಾಚಿದಳು.

ಅದು ಸರ್ಪಸುತ್ತೇ ಎನ್ನುವುದರಲ್ಲಿ ದ್ರಾಕ್ಷಾಯಣಿಗೂ ಅನುಮಾನವಿರಲಿಲ್ಲ. ಮೈಯ ಬಲ ಕುಗ್ಗಿದಾಗ ಏಳುವ ರೋಗವೇ ಅದು. ಥರ್ಮಾಮೀಟರಿನಲ್ಲಿ ಜ್ವರ ನೂರಮೂರು ದಾಟಿತ್ತು. ನಾಳೆಯ ತನಕ ಕಾಯುವ ಮಾತೇ ಇರಲಿಲ್ಲ. ಆದರೂ ಅವರು ಮಗಳನ್ನು ಗದರಲಿಲ್ಲ. ಕುಂಬಾರರ ಕಡೆ ತಿರುಗಿದರು.

"ಅಣ್ಣಾ, ಮೂರನೇದನ್ನ ಆಸ್ಪತ್ರೆಗೆ ಬಂದು ಬರೀತೀರಾ?"

"ನಾನು ಬರ್ತೀನಿ ಅಮ್ಮಣಿ. ನಿಮ್ಮ ಡಾಕ್ಟರು ಕೆಮ್ಮಣ್ಣು ನೋಡಿ ನನ್ನ ಕತ್ತು ಹಿಡಿದು ದಬ್ಬಲ್ವಾ?"

"ದಬ್ಬಿದ್ರೆ ಇಬ್ಬರನ್ನೂ ದಬ್ಬಲಿ. ಒಂದೇ ಬಸ್ಸಿಗೆ ವಾಪಸ್ ಬರೋಣ."

ತಿರುಮೂರ್ತಿ ನಕ್ಕರು. "ಸೂಜಿ ಚುಚ್ಚಿದ್ರೂ ನಾನು ಬರೆದದ್ದು ಎಲ್ಲಿಗೂ ಹೋಗಲ್ಲ, ಏಳು ತಾಯಿ" ಎಂದು ರಾಮಾಯಿಗೆ ಅವರೇ ಹೇಳಿದರು. ಮಡಕೆ ಸಾಗಿಸುವ ಅವರ ಕುಟ್ಟಿಯಾನೆಯಲ್ಲಿ, ಅಂದರೆ ಪುಟ್ಟ ಸರಕು ಗಾಡಿಯಲ್ಲಿ, ಹುಲ್ಲಿನ ಮೇಲೆ ಹಾಸಿಗೆ ಹಾಸಿ ರಾಮಾಯಿಯನ್ನು ಕೊಯಮತ್ತೂರಿಗೆ ತಂದರು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ಇದ್ದೂ ಇಲ್ಲದಂತಿದ್ದವು. ಬಂದ ತಕ್ಷಣ ಡ್ರಿಪ್ ಶುರುವಾಯಿತು. ಸರ್ಪಸುತ್ತಿನ ಮದ್ದೂ ಜೊತೆಗೆ ಹೋಯಿತು.

ಮರುದಿನ ಬೆಳಿಗ್ಗೆ ತಿರುಮೂರ್ತಿ ಬಟ್ಟಲು ಹಿಡಿದು ವಾರ್ಡಿನ ಬಾಗಿಲಿಗೆ ಬಂದರು. ಬಲವಿಲ್ಲದ ಮೈಯ ಹಸಿ ಗುಳ್ಳೆಗೆ ಮಣ್ಣು ತಾಗಿಸುವಂತಿಲ್ಲ. ಕೊಟ್ಟ ಮಾತು ಮುರಿಯುವಂತೆಯೂ ಇಲ್ಲ. ದ್ರಾಕ್ಷಾಯಣಿ ಗುಳ್ಳೆಗಳನ್ನು ತೊಳೆದು, ಗಾಜ್ ಬಟ್ಟೆ ಇಟ್ಟು, ಮೇಲೆ ದಪ್ಪ ಪಟ್ಟಿ ಕಟ್ಟಿ ಅಂಚು ಮುಚ್ಚಿದರು. "ಮೈಮೇಲೆ ಬೇಡ ಅಣ್ಣಾ, ಪಟ್ಟಿ ಮೇಲೆ ಬರೀರಿ." "ಸಿಂಹಕ್ಕೆ ಬಟ್ಟೆ ಯಾವ ಅಡ್ಡಿ" ಎಂದು ಕುಂಬಾರರು ಕೈತೊಳೆದು ಬರೆದೇ ಬಿಟ್ಟರು. ವಾರ್ಡಿನ ಡಾಕ್ಟರ್ ಕೃತ್ತಿಕಾ ಆ ಹೊತ್ತು ಕಿಟಕಿಯ ಕಡೆ ತಿರುಗಿ ಚಾರ್ಟ್ ಓದುತ್ತಿದ್ದರು. "ಪಟ್ಟಿಯನ್ನು ಮೊದಲು ಪರೀಕ್ಷಿಸಿದ್ದೆ. ಆಮೇಲೇ ತಿರುಗಿದ್ದು" ಎಂದು ಈಗ ನಗುತ್ತಾರೆ ಅವರು. ಸರ್ಪಸುತ್ತಿಗೆಂದು ಯಾರೇ ಬಂದರೂ ತಿರುಮೂರ್ತಿ ಈಗ ಮೊದಲು ಹಣೆ ಮುಟ್ಟಿ ನೋಡುತ್ತಾರಂತೆ. ಬಿಸಿಯಿದ್ದರೆ ಬಟ್ಟಲಿಗೆ ಕೈ ಹಾಕುವುದಿಲ್ಲ.

ಗುಣವಾದ ರಾಮಾಯಿ ಇನ್ನು ಕೀಮೋ ಬೇಡವೆಂದು ಹಟ ಹಿಡಿದರು. ಗಡ್ಡೆ ತೆಗೆದಾಗಿದೆ, ಇನ್ನು ಯಾಕೆ ಈ ಹಿಂಸೆ ಎನ್ನುವುದು ಅವರ ವಾದ. ದ್ರಾಕ್ಷಾಯಣಿ ತಮಗೆ ತಿಳಿದ ಮಗ್ಗದ ಮಾತಿನಲ್ಲೇ ವಿವರಿಸಿದರು.

"ನೂಲು ಕಡಿದ್ರೆ ಪವರ್‌ಲೂಮ್ ತಾನಾಗೇ ನಿಲ್ಲಬೇಕು ಅಲ್ವಾ? ನಮ್ಮ ಮೈಯಲ್ಲಿ ಪ್ರತಿ ಕಣಕ್ಕೂ ಹಾಗೆ ನಿಲ್ಲೋ ಏರ್ಪಾಡಿದೆ. ಕ್ಯಾನ್ಸರ್ ಅಂದ್ರೆ ಆ ಏರ್ಪಾಡು ಕೆಟ್ಟುಹೋದ ಕಣ. ತಪ್ಪು ಬಟ್ಟೆ ನೇಯ್ತಾನೇ ಇರುತ್ತೆ. ದೊಡ್ಡದನ್ನ ಡಾಕ್ಟರು ತೆಗೆದ್ರು. ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಓಡ್ತಾ ಇದ್ರೆ?"

ಅದಕ್ಕೆ ರಾಮಾಯಿ, "ನಾನು ವಿಂಗಡಿಸಿದ ಪೆಟ್ಟಿಗೇಲಿ ಒಂದು ಕೊಳೆತದ್ದು ಸಿಕ್ಕಿದ್ರೂ ಮಂಡಿ ಓನರ್ ನನ್ನ ಮೂತಿಗೇ ಎಸೀತಾರೆ. ಸರಿ, ಬರ್ತೀನಿ" ಎಂದರು. ಬಂದರು ಕೂಡ. ಐದು ಮುಗಿಯಿತು, ಆರೂ ಮುಗಿಯಿತು.

ಇಷ್ಟಾದರೂ ಒಂದು ಕೊರಗು ಉಳಿದಿದೆ. ಫೋನ್ ಯಾವಾಗಲೂ ಇವರ ಕಡೆಯಿಂದಲೇ ಹೋಗಬೇಕು. "ಸಿಸ್ಟರಿಗೆ ತೊಂದರೆ ಯಾಕೆ ಅಂತ ಸುಮ್ನಿರ್ತಾರೆ. ನನಗೆ ಇರೋ ಆಸೆ ಅಷ್ಟೇ. ಅವರೇ ನನ್ನ ಕೂಗಬೇಕು. ಇಲ್ಲದಿದ್ರೆ ನಾನು ಒಂದು ದಿನ ಮರೆತ್ರೆ ಅವರ ಗತಿ?"

ಹೊತ್ತು ಏರುತ್ತಿದೆ. ಶಂಕರಪ್ಪ ಸ್ಕೂಟರ್ ಚಾಲೂ ಮಾಡಿ ಕಾಯುತ್ತಿದ್ದಾರೆ. ದ್ರಾಕ್ಷಾಯಣಿ ಮೂರನೆಯ ಸಲ ರಾಮಾಯಿಯ ನಂಬರು ಒತ್ತಿದ್ದಾರೆ. ಉತ್ತರವಿಲ್ಲ. ಸ್ಕೂಟರಿನ ಹಿಂದೆ ಕೂತು, ಫೋನನ್ನು ಬ್ಯಾಗಿಗೆ ಹಾಕದೆ ಅಂಗೈಯಲ್ಲೇ ಹಿಡಿದಿದ್ದಾರೆ. ವಾರ್ಡಿಗೆ ಹೋಗುವುದೋ, ಪೊಳ್ಳಾಚಿಯ ಬಸ್ಸು ಹತ್ತುವುದೋ ಇನ್ನೂ ತೀರ್ಮಾನವಾಗಿಲ್ಲ.

ಜಂಕ್ಷನ್ ದಾಟುವ ಹೊತ್ತಿಗೆ ಫೋನು ಮೊಳಗುತ್ತದೆ. ಅವರು ಗಂಡನ ಭುಜ ತಟ್ಟಿ ಗಾಡಿ ನಿಲ್ಲಿಸುತ್ತಾರೆ.

"ಸಿಸ್ಟರ್ ಅಮ್ಮಣಿ, ನಾನೇ ಒತ್ತಿದೆ! ಮಗಳಲ್ಲ, ನಾನೇ!" ಅದು ರಾಮಾಯಿಯ ದನಿ. "ಕುಳಾಯೀಲಿ ನೀರು ಬಂತು. ಫೋನು ಒಳಗೇ ಇತ್ತು."

"ಆಪರೇಷನ್ ಆದ ಕಡೆ ಕೈಯಲ್ಲಿ ಕೊಡ ಎತ್ತಿದ್ರಾ?"

"ಎತ್ತಿಲ್ಲ ತಾಯಿ, ಬೈಬೇಡಿ. ಪೈಪ್ ಹಿಡ್ಕೊಂಡು ನಿಂತಿದ್ದೆ ಅಷ್ಟೇ. ಇರಿ, ನೀವು ಕೇಳೋದು ನನಗೆ ಗೊತ್ತು."

ಆ ಕಡೆ ಕುರ್ಚಿ ಎಳೆದ ಸದ್ದಾಗುತ್ತದೆ. ಆಮೇಲೆ ಕಿವಿಯ ತುಂಬ ಗಾಳಿ. ರಾಮಾಯಿ ಫೋನನ್ನು ಫ್ಯಾನಿನ ಕಡೆಗೆ ಎತ್ತಿ ಹಿಡಿದಿದ್ದಾರೆ. ದ್ರಾಕ್ಷಾಯಣಿ ಕಣ್ಣು ಮುಚ್ಚಿ, ರಸ್ತೆಯ ಗದ್ದಲದ ನಡುವೆ, ಅದು ಸಾಕೆನ್ನಿಸುವಷ್ಟು ಹೊತ್ತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತಾರೆ.

"ನಡೀರಿ, ವಾರ್ಡಿಗೇ" ಎಂದು ಗಂಡನಿಗೆ ಹೇಳುತ್ತಾರೆ. "ಸಾಯಂಕಾಲ ನಮ್ಮನೆ ಫ್ಯಾನಿಗೂ ಎರಡು ತೊಟ್ಟು ಎಣ್ಣೆ ಬಿಡಿ. ಕಿವಿ ಕಿತ್ತುಹೋಗ್ತಿದೆ."