ಜೀಪಿನ ಹೊತ್ತು ಯಾರದು

ತ್ರಿಪಕ್ಷೀಯ ಸಭೆ ಎಂದರೆ ಮೂರು ಕಡೆಯವರು ಕೂತು ಮಾತಾಡುವುದು ಎಂದು ನಾನು ತಿಳಿದಿದ್ದೆ. ದಿಂಡಿಗಲ್‌ನ ಆ ಕಚೇರಿಗೆ ಹೋದ ಮೇಲೆ ಗೊತ್ತಾಯಿತು, ಮಾತಾಡುವವರು ಎರಡು ಕಡೆ, ಬರೆದುಕೊಳ್ಳುವವರು ಒಂದು ಕಡೆ. ಉದ್ದ ಮೇಜಿನ ತುದಿಯಲ್ಲಿ ಸರ್ಕಾರದ ಅಧಿಕಾರಿ, ಕಿಟಕಿ ಬದಿಗೆ ಏಲಕ್ಕಿ ಎಸ್ಟೇಟಿನ ಮಾಲೀಕರು, ಬಾಗಿಲ ಬದಿಗೆ ಕೂಲಿಯವರಾದ ನಾವು. ಫ್ಯಾನು ಮಾಲೀಕರ ನೆತ್ತಿಯ ಮೇಲಿತ್ತು. ಇದನ್ನು ನಾನು ಮೊದಲ ದಿನವೇ ಎತ್ತಿದೆ. ಅಧಿಕಾರಿ ನಕ್ಕು, ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲವೂ ಅದು ಅಲ್ಲೇ ತಿರುಗುತ್ತಿತ್ತು.

ನಮ್ಮ ಕಡೆ ಮೂವರು. ಸಂಘದ ಕಾರ್ಯದರ್ಶಿ, ನಾನು, ಮತ್ತೆ ಎಷ್ಟೋ ವರ್ಷದಿಂದ ಜೀಪಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ. ಅವಳು ತಮಿಳು ಮನೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ನನ್ನನ್ನು ಕಳಿಸಿದ್ದು ಬಾಯಿ ಜೋರು ಎಂಬ ಕಾರಣಕ್ಕೆ. ಅವಳನ್ನು ಕಳಿಸಿದ್ದು, ಯಾರಿಗೆ ಹೆಚ್ಚು ಬೇಕೋ ಅವಳೇ ಬಂದು ಕೇಳಲಿ ಎಂದು.

ಕೇಳಿದ್ದು ಒಂದೇ. ಕೊಂಬೈ ಕಡೆಯ ನಮ್ಮ ಹಳ್ಳಿಯಿಂದ ಬೆಳಗ್ಗೆ ಆರಕ್ಕೆ ಜೀಪು ಹತ್ತಿದರೆ ಬೋಡಿಮೆಟ್ಟಿನ ತೋಟ ಮುಟ್ಟುವಾಗ ಏಳೂವರೆ ಆಗುತ್ತದೆ. ಸಂಜೆ ಇಳಿಯಲೂ ಅಷ್ಟೇ ಹೊತ್ತು. ಆ ಹೊತ್ತು ಯಾರ ಲೆಕ್ಕಕ್ಕೂ ಇಲ್ಲ. ಮಾಲೀಕರು ಅದು ನಿಮ್ಮ ಪ್ರಯಾಣ ಎನ್ನುತ್ತಾರೆ. ನಾವೇನು ಗುಡ್ಡ ನೋಡಲು ಹೋಗುತ್ತೇವೆಯೇ? ಬೆಟ್ಟದ ತೋಟಗಳ ಕೆಲಸದ ವೇಳೆಗೆ ಸರ್ಕಾರ ಹೊಸ ನಿಯಮ ಬರೆಯುತ್ತಿತ್ತು. ಮೂರೂ ಕಡೆ ಒಪ್ಪಿದ್ದನ್ನು ಹಾಗೆಯೇ ಚೆನ್ನೈಗೆ ಕಳಿಸುತ್ತೇವೆ, ಒಪ್ಪದ್ದು ಫೈಲಿನಲ್ಲಿ ಉಳಿಯುತ್ತದೆ ಎಂದು ಅಧಿಕಾರಿ ಮೊದಲೇ ಹೇಳಿದ್ದರು. ಜೀಪು ಹತ್ತಿದ ಹೊತ್ತಿನಿಂದಲೇ ಕೆಲಸದ ಹೊತ್ತು ಎಂದು ಬರೆಯಬೇಕು ಎಂಬುದು ನಮ್ಮ ಹಟ.

ಹಾಗೆ ಬರೆದಿದ್ದರೆ ಗೆಳತಿ ಸಂಜೆ ನಾಲ್ಕೂವರೆಗೇ ಮನೆಯಲ್ಲಿರುತ್ತಿದ್ದಳು. ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ತಾನಾಗಿ ಹೊರಳಲು ಆಗುವುದಿಲ್ಲ. ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಒಂದು ಮಗ್ಗುಲಿಗೆ ಹೊರಳಿಸಿ ಹೋದರೆ, ಇವಳು ಆರು ಗಂಟೆಗೆ ಬರುವ ತನಕ ಅದೇ ಮಗ್ಗುಲು. ಬೆನ್ನಿನ ಹುಣ್ಣು ಮಾಯುವುದೇ ಇಲ್ಲ. ಎರಡನೇ ಸಭೆಯಲ್ಲಿ ಅವಳು ಇದನ್ನು ಎದ್ದು ನಿಂತು ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಮಾಲೀಕರೂ ಮುಖ ತಗ್ಗಿಸಿದರು, ಸುಳ್ಳು ಹೇಳಬಾರದು.

ನಮ್ಮ ಕೈಯಲ್ಲಿದ್ದ ಅಸ್ತ್ರವೂ ಒಂದೇ. ಒಪ್ಪದಿದ್ದರೆ ಕೊಯ್ಲಿನ ಮುಂದಿನ ಸುತ್ತಿಗೆ ಜೀಪು ಹತ್ತುವುದಿಲ್ಲ ಎಂದಿದ್ದೆವು. ಬಲಿತ ಏಲಕ್ಕಿ ಗಿಡದಲ್ಲೇ ನಿಂತರೆ ಬಿರಿದು ಹಾಳು. ಮಾಲೀಕರಿಗೆ ಭಯ ಇತ್ತು, ಅವರ ಮುಖದಲ್ಲೇ ಕಾಣುತ್ತಿತ್ತು.

ಮೂರನೇ ಸಭೆಯ ದಿನ ಮಧ್ಯೆ ಟೀಗೆ ಬಿಟ್ಟರು. ನಾನು ಗ್ಲಾಸು ಹಿಡಿದು ವರಾಂಡದಲ್ಲಿ ನಿಂತಿದ್ದೆ. ಮಾಲೀಕರ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. ಅವರು ನಮ್ಮವರೇ, ವರಸೆಯಲ್ಲಿ ನನಗೆ ಮಾವ ಆಗಬೇಕು. ಮೇಜಿನ ಮುಂದೆ ಎರಡು ದಿನವೂ ನನ್ನ ಪರಿಚಯವೇ ಇಲ್ಲದವರಂತೆ ಕೂತಿದ್ದರು. ನಾನೂ ಹಾಗೆಯೇ ಕೂತಿದ್ದೆ.

"ಏನವ್ವ, ಉಂಡ್ಯಾ?" ಎಂದರು.

ಹೊರಗಿನವರಿಗೆ ಇದು ಏನೂ ಅಲ್ಲ. ನಮ್ಮ ಮನೆಮಾತು ಕನ್ನಡ. ಎಷ್ಟು ತಲೆಮಾರಿನ ಹಿಂದೆ ಈ ಕಣಿವೆಗೆ ಬಂದೆವೋ ಹೇಳುವವರಿಲ್ಲ. ನನ್ನ ಗಂಡ ಇದ್ದಾಗ ಮನೆಯಲ್ಲಿ ಆ ಮಾತು ಇತ್ತು. ಅವರು ಹೋದ ಮೇಲೆ ಮಗನಿಗೆ ಕನ್ನಡದಲ್ಲಿ ಕೇಳುತ್ತೇನೆ, ಅವನು ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಇಡೀ ದಿನ ನನ್ನ ಮಾತು ನನಗೇ ಕೇಳಿಸದೆ ಕಳೆಯುತ್ತದೆ. ಆ ಒಂಟಿತನಕ್ಕೇ ಮೈಸೂರಿನಿಂದ ಪುಸ್ತಕ ತರಿಸಿ ಈ ಅಕ್ಷರ ಕಲಿತೆ. ಪುಸ್ತಕದ ಕನ್ನಡ ನಮ್ಮ ಕನ್ನಡದಂತಿರಲಿಲ್ಲ. ಅದೂ ಅಲ್ಲದೆ ಪುಸ್ತಕ ನನ್ನನ್ನು ಉಂಡ್ಯಾ ಎಂದು ಕೇಳುತ್ತದೆಯೇ?

"ಬೆಳಗ್ಗೆ ಒಸಿ ಅಂಬಲಿ ಕುಡ್ದು ಬಂದೆ ಮಾವ," ಎಂದೆ. ನನ್ನ ದನಿ ನನಗೇ ಹಿತವಾಯಿತು.

"ನಿಮ್ಮವ್ವಂಗೆ ಮಂಡಿ ನೋವು ಎಂಗದೆ?"

"ಅಂಗೇ ಅದೆ ಮಾವ. ಕೂತ್ರೆ ಏಳಕಾಗಲ್ಲ, ಎದ್ರೆ ಕೂರಕಾಗಲ್ಲ. ಬಾಯಿ ಮಾತ್ರ ಸುಮ್ನಿರಲ್ಲ."

ಇಬ್ಬರೂ ನಕ್ಕೆವು. ಅವರ ಮನೆಯಲ್ಲೂ ಮೊಮ್ಮಕ್ಕಳಿಗೆ ಒಂದು ಮಾತೂ ಬರುವುದಿಲ್ಲವಂತೆ. ಆಮೇಲೆ ಅವರು ಅದೇ ದನಿಯಲ್ಲಿ, ಮಂಡಿಯ ಮಾತಿನ ಬೆನ್ನಿಗೇ ಕೇಳಿದರು, "ಅಲ್ಲವ್ವ, ಜೀಪು ಏರಾಕಿಲ್ಲ ಅಂತೀರಲ್ಲ, ನಿಮ್ಮ ಹೆಣ್ಣಾಳ್ಗಳು ಎಷ್ಟು ದಿನ ತಾಂಗ್ತಾರೆ?"

"ಎಲ್ಲಿ ತಾಂಗ್ತಾರೆ ಮಾವ. ನಾಲ್ಕು ದಿನ ತಡೀತಾರೆ. ಆಮೇಲೆ ಅವ್ರೇ ಏರ್ತಾರೆ."

ಹೇಳಿಬಿಟ್ಟೆ. ಹೊಟ್ಟೆ ನೋವು ಎಂದು ತಾಯಿಗೆ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟೆ.

ನಮ್ಮಲ್ಲಿ ಒಂದು ರೂಢಿ ಇದೆ. ಸಂತೆ, ಬಸ್ಸು, ಕಚೇರಿ, ಬೀದಿ ಜಗಳ, ಎಲ್ಲ ತಮಿಳು. ಊಟ, ಕಾಯಿಲೆ, ಅಳು, ಮಕ್ಕಳಿಗೆ ಬೈಗುಳ, ಇದು ಕನ್ನಡ. ತೇನಿ ಸಂತೆಯಲ್ಲಿ ಮಾರುವವರೂ ನಮ್ಮವರೇ, ಕೊಳ್ಳುವವರೂ ನಮ್ಮವರೇ ಆದರೂ ಬೆಲೆಯ ಮಾತಿಗೆ ಇಬ್ಬರೂ ತಮಿಳಿಗೆ ಹೋಗುತ್ತೇವೆ. ವ್ಯಾಪಾರ ಮುಗಿದ ಮೇಲೆ ಕನ್ನಡಕ್ಕೆ ಬಂದು ಮನೆ ಕಡೆ ಹೇಗೆ ಎಂದು ಕೇಳುತ್ತೇವೆ. ಯಾರೂ ಕಲಿಸಿದ್ದಲ್ಲ. ಮನೆಮಾತಿನಲ್ಲಿ ಚೌಕಾಸಿ ಮಾಡಿ, ಗುಟ್ಟು ಬಚ್ಚಿಟ್ಟು ನನಗೆ ಗೊತ್ತಿಲ್ಲ. ಅದೇ ಪ್ರಶ್ನೆಯನ್ನು ಮಾವ ತಮಿಳಿನಲ್ಲಿ ಕೇಳಿದ್ದರೆ, ಒಂದು ತಿಂಗಳು ತಡೆಯುತ್ತೇವೆ, ನಿಮ್ಮ ಕಾಯಿ ನೋಡಿಕೊಳ್ಳಿ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಅವರು ಲೆಕ್ಕ ಹಾಕಿಯೇ ಕೇಳಿದರೋ, ನನ್ನ ಹಾಗೆಯೇ ಮಾತು ಸಿಕ್ಕಿದ ಖುಷಿಗೆ ಬಾಯಿಗೆ ಬಂದದ್ದು ಕೇಳಿದರೋ, ಇವತ್ತಿಗೂ ನನಗೆ ತಿಳಿಯದು. "ಅಯ್ಯೋ ಪಾಪ" ಎಂದು ಗ್ಲಾಸು ಇಟ್ಟು ಒಳಗೆ ಹೋದರು.

ಟೀ ಮುಗಿದು ಕೂತಾಗ ಮಾಲೀಕರ ಕಡೆಯ ಗಾಳಿಯೇ ಬೇರೆ ಆಗಿತ್ತು. ಮಾವ ತಮ್ಮವರ ಕಿವಿಯಲ್ಲಿ ಏನೋ ಹೇಳಿದ್ದರು. ನಮಗೆ ಅವಸರವಿಲ್ಲ, ಒಂದು ವಾರ ಬಿಟ್ಟು ಕೂರೋಣ ಎಂದು ಅವರೇ ತಮಿಳಿನಲ್ಲಿ, ಗಂಭೀರವಾಗಿ, ನನ್ನ ಮುಖ ನೋಡದೆ ಹೇಳಿದರು. ಅಷ್ಟರಲ್ಲಿ ಕೊಯ್ಲು ಶುರುವಾಗುತ್ತದಲ್ಲ ಎಂದು ನಮ್ಮ ಕಾರ್ಯದರ್ಶಿ ಹೆದರಿಸಿದರು. ಆಗಲಿ ಎಂದರು ಅವರು. ಹೆದರಿಕೆ ಅವರ ಕಡೆಯಿಂದ ನಮ್ಮ ಕಡೆಗೆ ಬಂದಿತ್ತು. ಕಾರ್ಯದರ್ಶಿ ಅರ್ಧ ಗಂಟೆ ಎಳೆದಾಡಿ, ಕೊನೆಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಜೀಪಿಗೆ ಗಟ್ಟಿ ಟಾರ್ಪಾಲು, ಮಿತಿಮೀರಿ ಜನ ತುಂಬಬಾರದು, ಪ್ರಯಾಣದ ಹೊತ್ತಿನ ವಿಷಯ ಮುಂದಿನ ಪರಿಶೀಲನೆಗೆ. ಅಧಿಕಾರಿಗೆ ಸಮಾಧಾನ. ಮೂರೂ ಕಡೆ ಸಹಿ ಹಾಕಿದೆವು. ಗೆಳತಿಯ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

ವಾಪಸು ಬಸ್ಸು ಪೆರಿಯಕುಳಂ ದಾಟಿತು. ಆಮೇಲೆ, ಆ ಮಾಲೀಕ ಮುದಲಾಳಿಯ ಹತ್ತಿರ ನಿನ್ನ ಭಾಷೆಯಲ್ಲಿ ಏನು ಅಷ್ಟು ಮಾತು ಎಂದು ಅವಳು ತಮಿಳಿನಲ್ಲಿ ಕೇಳಿದಳು. ಅಮ್ಮನ ಮಂಡಿ ನೋವಿನ ವಿಷಯ ಎಂದು ನಾನೂ ತಮಿಳಿನಲ್ಲಿ ಹೇಳಿದೆ. ಎಷ್ಟು ಸರಾಗವಾಗಿ ಬಂತು ಆ ಮಾತು!

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ವರಾಂಡದ ಮಾತುಕತೆಯ ಸುದ್ದಿ ಮುಟ್ಟಿ ಊರಿನಲ್ಲಿ ಹೆಂಗಸರು ನನ್ನ ಮೇಲೆ ಅನುಮಾನ ಪಟ್ಟಾಗ, ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಮಾಲೀಕರ ಮನೆಯವಳು ಎಂದು ಹಂಗಿಸಿದಾಗ, ಎಲ್ಲರ ಜೊತೆ ಜಗಳಕ್ಕೆ ನಿಂತವಳು ಅವಳೊಬ್ಬಳೇ. ಜೀಪಿನಲ್ಲಿ ಉಳಿದವರು ನನ್ನ ಕಡೆ ಬೆನ್ನು ಹಾಕಿ ಕೂತರೂ ಅವಳು ನನಗೆ ತಾಗಿ ಕೂತಳು. ಅದನ್ನು ಸಹಿಸುವುದು ಉಳಿದವರ ಬೆನ್ನಿಗಿಂತ ಕಷ್ಟವಾಗಿತ್ತು. ತುಂಬಿದ ಜೀಪಿನಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ.

ಒಂದು ದಿನ ಅವಳಾಗಿಯೇ ಹೇಳಿದಳು, ನಿನ್ನ ಗಂಡ ಹೋದ ಮೇಲೆ ಆ ಮಾತಾಡಲು ಯಾರೂ ಇಲ್ಲ, ಅದಕ್ಕೇ ಆ ಮುದಲಾಳಿ ಹತ್ತಿರ ಹಾಗೆ ನಗುನಗುತ್ತಾ ನಿಂತೆ, ನನಗೆ ಕಲಿಸು, ನಾನು ಮಾತಾಡುತ್ತೇನೆ. ಕಲಿಸಿದೆ. ಏನು ಮಾಡಲಿ, ನನಗೆ ಬೇಕಿತ್ತು. ಘಾಟಿಯ ತಿರುವಿಗೊಂದು ಮಾತು. ಬಾ, ಕೂತ್ಕೊ, ನೀರು ಕೊಡು, ಚಳಿ ಆಯ್ತದೆ. ತಮಿಳಿನವಳಿಗೆ ಕನ್ನಡ ಎಷ್ಟು ದೂರ? ಎರಡು ತಿಂಗಳಲ್ಲಿ ಚಿಕ್ಕ ಚಿಕ್ಕ ಮಾತು ಜೋಡಿಸಲು ಕಲಿತಳು. ತಪ್ಪಾದರೆ ತಾನೇ ನಕ್ಕು ನನ್ನ ತೊಡೆಗೆ ಹೊಡೆಯುತ್ತಿದ್ದಳು.

ಮಂಜು ಕವಿದ ಒಂದು ಬೆಳಗ್ಗೆ, ಘಾಟಿ ಏರುವಾಗ, ಬೆರಳು ಮಡಚಿ ಮಾತು ಜೋಡಿಸಿಕೊಂಡು ನನ್ನ ಕಡೆ ತಿರುಗಿದಳು. "ಅಕ್ಕ, ಅವತ್ತು ಮಾವಂಗೆ ಏನ್ ಹೇಳ್ದೆ?"

ಪೂರ್ತಿ ಸರಿಯಾಗಿತ್ತು. ಭೇಷ್ ಎನ್ನುತ್ತೇನೆ ಎಂದು ಮುಖ ಅರಳಿಸಿ ಕಾಯುತ್ತಿದ್ದಳು. ಮಂಡಿಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲಿಲ್ಲ.

"ನಾಲ್ಕು ದಿನ ಅಂತ ಹೇಳ್ಬುಟ್ಟೆ," ಎಂದೆ. "ನಾಲ್ಕು ದಿನ ಆದ್ಮೇಲೆ ನೀವೆಲ್ಲ ಜೀಪು ಏರ್ತೀರ ಅಂತ."

ಅರ್ಥವಾಯಿತು ಅವಳಿಗೆ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಎನ್ನ ಕೇಟ್ಟಿಯಾಕ್ಕಾ?" ಎಂದಳು. ನನ್ನನ್ನು ಕೇಳಿದೆಯಾ ಎಂದು. ಉಳಿದದ್ದನ್ನೂ ತಮಿಳಿನಲ್ಲೇ ಹೇಳಿದಳು. ನಾನು ಜೀಪು ಹತ್ತುತ್ತಿರಲಿಲ್ಲ ಅಕ್ಕಾ. ತಿಂಗಳಾದರೂ ಹತ್ತುತ್ತಿರಲಿಲ್ಲ. ಆ ಹೊತ್ತು ಸಿಗುತ್ತದೆ ಎಂದಾದರೆ ಗಂಜಿ ಕುಡಿದುಕೊಂಡು ಗಂಡನ ಪಕ್ಕ ಕೂತಿರುತ್ತಿದ್ದೆ. ನಾಲ್ಕು ದಿನ ಎಂದು ನಿನಗೆ ಹೇಳಿದವರು ಯಾರು?

ಯಾರೂ ಹೇಳಿರಲಿಲ್ಲ. ನಾನೇ ಎಣಿಸಿಕೊಂಡದ್ದು. ಎಲ್ಲರ ಪರವಾಗಿ ಮೇಜಿನ ಮುಂದೆ ಕೂತವಳು ಒಬ್ಬಳನ್ನೂ ಕೇಳಿರಲಿಲ್ಲ, ಪಕ್ಕದಲ್ಲಿದ್ದವಳನ್ನು ಕೂಡ.

ಜೀಪು ನಿಂತಾಗ ಎಂದಿನಂತೆ ನನ್ನ ಬುತ್ತಿ ಇಳಿಸಿ ಕೊಟ್ಟಳು. ಕೊಯ್ಯಲು ಬೇರೆ ಸಾಲಿಗೆ ಹೋದಳು. ಈಗಲೂ ಜೀಪಿನಲ್ಲಿ ಪಕ್ಕದಲ್ಲೇ ಕೂರುತ್ತಾಳೆ, ಅಕ್ಕಾ ಎನ್ನುವುದನ್ನೂ ಬಿಟ್ಟಿಲ್ಲ. ಕನ್ನಡದ ಒಂದು ಮಾತೂ ಆಡುವುದಿಲ್ಲ. ತಮಿಳಿನಲ್ಲಿ, ಅಧಿಕಾರಿಗಳನ್ನು ಮಾತಾಡಿಸುವ ಹಾಗೆ, ನನಗೆ ಬಹುವಚನ ಕೊಟ್ಟು ಮಾತಾಡುತ್ತಾಳೆ.