ಕಲ್ಲಿನ ಕಡೆ ನಿಂತ ದೊಡ್ಡಮ್ಮ

ಮೊನ್ನೆ ಹಡಗಲಿ ಪೇಟೆಯಲ್ಲಿ ಎಣ್ಣೆ ಅಂಗಡಿ ದಾಟುವಾಗ ಔಡಲೆಣ್ಣೆಯ ಜಿಡ್ಡು ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ದೊಡ್ಡಮ್ಮ ನೆನಪಾದಳು. ರಕ್ತಸಂಬಂಧವೇನೂ ಇರಲಿಲ್ಲ, ಓಣಿಗೆಲ್ಲ ಆಕೆ ದೊಡ್ಡಮ್ಮನೇ. ನಮ್ಮೂರಿನ ಹೊಳೆದಾರಿಯಲ್ಲಿದ್ದ ವೀರಗಲ್ಲಿಗೆ ಅದೇ ಎಣ್ಣೆ ತಿಕ್ಕುತ್ತಿದ್ದಳು. ಭಕ್ತಿಗಲ್ಲ. ಎಣ್ಣೆ ಹತ್ತಿದರೆ ಅದರಲ್ಲಿ ಕೆತ್ತಿದ, ಸವೆದುಹೋದ ದನಗಳೂ ಕತ್ತಿ ಹಿಡಿದವನೂ ಎದ್ದು ಕಾಣುತ್ತಾರೆ ಎಂದು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದ ಕಾಲ. ಯಾರು ಏನೇ ಹೇಳಲಿ, ಆಧಾರ ಎಲ್ಲಿ ಎಂದು ಕೇಳುತ್ತಿದ್ದೆ. ಆಗಲೇ ಊರಲ್ಲೊಂದು ಮಾತು ಎದ್ದಿತು: ಹೊಸ ಚರಂಡಿ ದಾಟಲು ಆ ಕಲ್ಲನ್ನೇ ಅಡ್ಡ ಮಲಗಿಸಿದರೆ ಹೇಗೆ? ಊರಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲೇ ದೊಡ್ಡಮ್ಮ ನನ್ನನ್ನು ಕಟ್ಟೆಗೆ ಕರೆದಳು.

"ಲೇ ವಕೀಲ, ನೀ ಚರಂಡಿ ಕಡಿ ನಿಂದ್ರು, ನಾ ಕಲ್ಲಿನ ಕಡಿ. ಸಭಾದಾಗ ಮಂದಿ ಮುಂದ ಬಾಯಿ ಮುಚ್ಚೋದಕ್ಕಿಂತ ನಿನ್ನ ಮುಂದ ಮುಚ್ಚೋದು ಚಲೋ."

ಸಂಜೆಗಳೆಲ್ಲ ವಾದವೇ. ವೀರ ನಮ್ಮೂರಿನವನೇ ಎಂದಳು. ಹೇಗೆ ಗೊತ್ತು ಎಂದೆ. ಅವನಿಗೆ ಬಿಳಿ ಕುದುರೆ ಇತ್ತೆಂದಳು. ಕಲ್ಲಿನಲ್ಲಿ ಕುದುರೆಯೇ ಇಲ್ಲವಲ್ಲ ಎಂದೆ. ಅವನ ಹೆಂಡತಿ ಹೊಳೆಯಾಚೆಯಿಂದ ಬುತ್ತಿ ತರುತ್ತಿದ್ದಳಂತೆ, ಅವತ್ತು... ಅಷ್ಟಕ್ಕೇ ತಡೆದೆ. ನೋಡಿದವರು ಯಾರು? ಆಕೆ ಎಲೆಅಡಿಕೆ ಜಗಿಯುತ್ತ ನಕ್ಕಳು. "ನಿನ್ನ ಕಟ್ಕೊಳ್ಳೋ ಹುಡುಗೀನ್ನ ದೇವ್ರ ಕಾಯ್ಬೇಕು" ಎಂದು ಆ ಮಾತನ್ನು ಕೈಬಿಟ್ಟಳು. ಕುದುರೆಯನ್ನೂ ಬಿಟ್ಟಳು. ಹೀಗೆ ವಾದದಲ್ಲಿ ನಿಲ್ಲದ್ದನ್ನೆಲ್ಲ ಬಿಡುತ್ತ ಹೋದಳು.

ಸಭೆಯಲ್ಲಿ, ಅಷ್ಟು ಗಂಡಸರ ನಡುವೆ ಎದ್ದು, ಉಳಿದಷ್ಟನ್ನೇ ಹೇಳಿದಳು:

"ಇವ ಯಾರು ಅಂತ ನನಗ ಗೊತ್ತಿಲ್ರಿ. ದನದ ಸಲುವಾಗಿ ಸತ್ತಾನ. ಮರೀಬಾರ್ದು ಅಂತ ಯಾರೋ ನಿಂದ್ರಿಸ್ಯಾರ. ನಾವು ಮಲಗಿಸಿ ತುಳಿಯೋಣೇನ್ರಿ?"

ಚರಂಡಿಗೆ ಸಿಮೆಂಟಿನ ಚಪ್ಪಡಿ ಬಂತು.

ದೊಡ್ಡಮ್ಮ ಈಗಿಲ್ಲ. ಕಲ್ಲು ನಿಂತೇ ಇದೆ. ಈಚೆಗೆ ಅಕ್ಕನ ಮಗಳು ಅದರ ಮುಂದೆ ನಿಂತು, ಇವನಿಗೆ ಮನೆಯವರು ಯಾರೂ ಇರಲಿಲ್ಲವೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ವಾದಕ್ಕೆ ಅದೇ ಸರಿಯಾದ ಉತ್ತರ. ಆಧಾರವಿಲ್ಲದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೂ ಬುತ್ತಿ ಹೊತ್ತ ಆ ಹೆಂಗಸು ಅವತ್ತು ಹೊಳೆ ದಾಟಿದಳೋ, ಇಲ್ಲವೋ... ಅದನ್ನು ದೊಡ್ಡಮ್ಮನ ಬಾಯಿಂದ ಕೊನೆಯವರೆಗೆ ಕೇಳಬೇಕು, ಕೇಳಿ, ಸುಳ್ಳು ಎನ್ನಬೇಕು ಅನಿಸುತ್ತದೆ.